ಅಂಗಳದ ಇಂಟರ್‌ಲಾಕ್‌ಗೆ ಕೋಟಿಂಗ್ ಹಚ್ಚಿಸುವ ಮುನ್ನ

ದಸರೆ ಕಳೆದು ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಕುಮಟಾ ಕಡೆ ಮನೆ ಬಾಗಿಲಿಗೆ ಬರುವವರಲ್ಲಿ ಈಗ ಹೊಸದೊಂದು ಪಂಗಡ ಸೇರಿಕೊಂಡಿದೆ. ಗೂಡ್ಸ್ ರಿಕ್ಷಾದಲ್ಲಿ ಒಂದು ಪ್ರೆಷರ್ ವಾಷರ್, ನಾಲ್ಕಾರು ಕ್ಯಾನುಗಳು, ಉದ್ದ ಕೋಲಿನ ರೋಲರ್. ‘ಅಂಗಳದ ಇಂಟರ್‌ಲಾಕ್ ತೊಳೆದು ಕೋಟಿಂಗ್ ಹಚ್ಚಿಕೊಡುತ್ತೇವೆ, ಐದು ವರ್ಷ ಹಾವಸೆ ಕಟ್ಟುವುದಿಲ್ಲ’ ಎನ್ನುತ್ತಾರೆ. ಬೆಲ್ಲ, ನೀರು ಕೊಟ್ಟು ಕಳಿಸಿಬಿಡಿ, ಕೆಲಸ ಕೊಡಬೇಡಿ. ಈ ಕೆಲಸ ಬಲ್ಲವರು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಂಗಳಕ್ಕೆ ಬಂದವರು ಮಾಡಿದ್ದನ್ನು ಹೇಳುತ್ತಿದ್ದೇನೆ.

ಅಣ್ಣ ಅವರನ್ನು ಒಪ್ಪಿಸಿ ಪೇಟೆಗೆ ಹೋಗಿದ್ದ. ಮಳೆಗಾಲ ಕಳೆದ ಅಂಗಳ ಹೇಗಿರುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕೆಂಪು ಬ್ಲಾಕುಗಳು ಕಪ್ಪಾಗಿದ್ದವು. ಪೋರ್ಟಿಕೋದ ಹತ್ತಿರ ಹೊಸದಾಗಿ ಹಾಕಿಸಿದ ಭಾಗದಲ್ಲಿ ಮಾತ್ರ ಬಿಳಿ ಕಲೆ ಎದ್ದಿತ್ತು. ಬಂದವರಲ್ಲಿ ಒಬ್ಬ ಹಾವಸೆಗೆಂದು ಬ್ಲೀಚಿಂಗ್ ಪೌಡರನ್ನು ರಂಗೋಲಿ ಹಿಟ್ಟಿನಂತೆ ಧಾರಾಳವಾಗಿ ಎರಚಿ ನೀರು ಚಿಮುಕಿಸಿದ. ಇನ್ನೊಬ್ಬ ಬಿಳಿ ಕಲೆಗೆಂದು ಕ್ಯಾನಿನಿಂದ ಆಸಿಡ್ ಸುರಿಯುತ್ತ ಬಂದ. ಇಬ್ಬರ ಕೆಲಸವೂ ಒಂದೇ ಒದ್ದೆ ನೆಲದ ಮೇಲೆ ನಡೆಯಿತು. ಎರಡೂ ಸೇರಿದ ಕಡೆ ನೊರೆ ಎದ್ದು ಮೂಗು ಸುಡುವ ವಾಸನೆ ಹಬ್ಬಿತು. ಜಗಲಿಯ ಮೇಲೆ ಕುಳಿತು ಎಲೆಅಡಿಕೆ ಹಾಕುತ್ತಿದ್ದ ಆಯಿಗೆ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಕಣ್ಣಿನಲ್ಲಿ ಧಾರಾಕಾರ ನೀರು. ಅವರನ್ನು ಹಿತ್ತಿಲಿನತ್ತ ಕರೆದೊಯ್ದು ಗಾಳಿಗೆ ಕೂರಿಸಿದೆವು. ಆಸಿಡ್ ಹಿಡಿದಿದ್ದ ಆಸಾಮಿ, ‘ಸ್ವಲ್ಪ ವಾಸನೆ ಇರುತ್ತದೆ ಅಮ್ಮ, ಆಮೇಲೆ ಹೋಗುತ್ತದೆ’ ಎಂದ. ತಾನು ಮಾತ್ರ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ.

ಅದು ಬರೀ ವಾಸನೆಯಲ್ಲ, ಕ್ಲೋರಿನ್ ಅನಿಲ. ಬ್ಲೀಚಿಂಗ್ ಪೌಡರಿಗೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಅದು ಹುಟ್ಟಿಯೇ ತೀರುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಮೇಲಕ್ಕೆ ಹೋಗದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಅಂಗಳದಲ್ಲಿ ಆಡುವ ಮಕ್ಕಳು, ಜಗಲಿಯಲ್ಲಿ ಕುಳಿತ ಹಿರಿಯರು, ಕಟ್ಟಿದ ಕರು, ಇವರ ಮೂಗಿನ ಎತ್ತರದಲ್ಲೇ. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಈ ಎರಡನ್ನು ಒಂದೇ ದಿನ, ಒಂದೇ ನೆಲಕ್ಕೆ ಹಾಕಲು ಯಾರಿಗೂ ಬಿಡಬೇಡಿ. ಸ್ನಾನದ ಮನೆ ತೊಳೆಯುವಾಗಲೂ ಅಷ್ಟೆ.

ಇಷ್ಟಕ್ಕೂ ಆ ಬಿಳಿ ಕಲೆಗೆ ಆಸಿಡ್ ಬೇಕಾಗಿಯೇ ಇರಲಿಲ್ಲ. ಸಿಮೆಂಟಿನೊಳಗಿನ ಸುಣ್ಣ ನೀರಿನಲ್ಲಿ ಕರಗಿ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಬಿಳಿ ಪುಡಿಯಾಗುತ್ತದೆ. ಹೊಸ ಬ್ಲಾಕಿನಲ್ಲಿ ಇದು ಸಾಮಾನ್ಯ, ಮಳೆ ಬಿದ್ದು ತೊಳೆದಂತೆ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ಆಸಿಡ್ ಕಲೆಯ ಜೊತೆ ಬ್ಲಾಕಿನ ಮೇಲಿನ ಸಿಮೆಂಟನ್ನೂ ತಿನ್ನುತ್ತದೆ. ನಮ್ಮಲ್ಲಿ ಕೆಂಪು ಬಣ್ಣ ಮಾಸಿ ಒಳಗಿನ ಜಲ್ಲಿಪುಡಿ ಕಾಣಿಸಿಕೊಂಡಿತು. ನೆಲ ಹೀಗೆ ತರಿತರಿಯಾದಷ್ಟೂ ಹಾವಸೆಗೆ ಹಿಡಿತ ಹೆಚ್ಚು. ಹಾವಸೆ ತೆಗೆಯಲು ಬಂದವರು ಮುಂದಿನ ವರ್ಷದ ಹಾವಸೆಗೆ ಗದ್ದೆ ಹದ ಮಾಡಿಕೊಟ್ಟರು. ಹರಿದು ಹೋದ ಆಸಿಡ್ ನೀರು ತುಳಸಿಕಟ್ಟೆಯ ಬುಡದ ಸುಣ್ಣದ ಗಾರೆಯನ್ನೂ ಬಿಡಲಿಲ್ಲ.

ಆಮೇಲೆ ಪ್ರೆಷರ್ ವಾಷರ್ ಶುರುವಾಯಿತು. ಅದರ ನಳಿಗೆಯನ್ನು ನೆಲಕ್ಕೆ ಅಂಟಿಸಿದಂತೆ ಹಿಡಿದು ಸಂದು ಸಂದಿಗೂ ನೇರವಾಗಿ ನೀರು ಹೊಡೆದ. ನೋಡಲು ಭಾರೀ ಚೆಂದ, ಕಪ್ಪು ನೀರು ಹರಿದು ಕೆಂಪು ಎದ್ದು ಬರುತ್ತದೆ. ಆದರೆ ಇಂಟರ್‌ಲಾಕ್ ಬ್ಲಾಕುಗಳನ್ನು ಸಿಮೆಂಟು ಹಿಡಿದಿಟ್ಟಿರುವುದಿಲ್ಲ. ಕೆಳಗಿನ ಮರಳಿನ ಹಾಸು, ಸುತ್ತಲಿನ ಅಂಚುಕಟ್ಟೆ, ಸಂದುಗಳಲ್ಲಿ ಒತ್ತಿ ತುಂಬಿದ ಮರಳು, ಇವು ಮೂರೇ ಆಧಾರ. ಸಂದಿನ ಮರಳು ಹೋದರೆ ಒಂದು ಬ್ಲಾಕಿನ ಭಾರ ಪಕ್ಕದ್ದಕ್ಕೆ ಸಾಗುವುದಿಲ್ಲ. ಕಾರು ತಿರುಗಿಸುವ ಜಾಗದಲ್ಲಿ ನಮ್ಮ ಬ್ಲಾಕುಗಳು ಈಗ ಕಾಲಿಟ್ಟರೆ ಅಲುಗಾಡುತ್ತವೆ. ವಾಷರ್ ಬಳಸಲೇಬೇಕೆಂದರೆ ಒಂದು ಅಡಿಯಷ್ಟಾದರೂ ದೂರದಿಂದ, ಓರೆಯಾಗಿ, ಅಗಲವಾಗಿ ಹರಡುವ ಮೂತಿಯಿಂದ ಹೊಡೆಯಬೇಕು. ಮುಗಿದ ಮೇಲೆ ಜರಡಿ ಹಿಡಿದ ಸಣ್ಣ ಒಣ ಮರಳನ್ನು ಗುಡಿಸಿ ಗುಡಿಸಿ ಸಂದಿಗೆ ತುಂಬಬೇಕು. ಇವರು ತುಂಬಿದ್ದೇನೋ ಹೌದು, ಅಳಿವೆಯ ಕಡೆಯಿಂದ ತಂದ ಚೀಲದ ಮರಳನ್ನು. ನಾಲಿಗೆಗೆ ಹಚ್ಚಿದರೆ ಉಪ್ಪು. ಆ ಉಪ್ಪು ತೇವವನ್ನು ಎಳೆದುಕೊಂಡು ಮತ್ತೆ ಬಿಳಿಯಾಗಿ ಮೇಲೇಳುತ್ತದೆ.

ಮರುದಿನ ಬೆಳಿಗ್ಗೆಯೇ ಕೋಟಿಂಗ್ ಹಚ್ಚಿದರು. ರಾತ್ರಿಯ ಇಬ್ಬನಿ ಇನ್ನೂ ಆರಿರಲಿಲ್ಲ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಗುಡುಗಿನ ಮೋಡ ಬರುವುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಅಂದೂ ಬಂತು. ಸಂಜೆಗೆ ಅಂಗಳ ಫಳಫಳ ಹೊಳೆಯಿತು, ದುಡ್ಡು ಎಣಿಸಿಕೊಂಡು ಹೋದರು. ವಾರ ಕಳೆಯುವುದರೊಳಗೆ ಹೊಳಪಿನ ಕೆಳಗೆ ಹಾಲು ಚೆಲ್ಲಿದಂತೆ ಬಿಳಿ ಮುಸುಕು ಕವಿಯಿತು. ಅವರು ಹಚ್ಚಿದ್ದು ಮೇಲೆ ಪದರ ಕಟ್ಟುವ ಅಕ್ರಿಲಿಕ್ ಸೀಲರ್. ಬ್ಲಾಕಿನೊಳಗಿನ ತೇವ ಆವಿಯಾಗಿ ಹೊರಬರಲು ಹೋದಾಗ ಆ ಪದರ ತಡೆಯುತ್ತದೆ, ತಡೆದಲ್ಲಿ ಬಿಳಿಚಿಕೊಳ್ಳುತ್ತದೆ, ಕೊನೆಗೆ ಹಪ್ಪಳೆ ಹಪ್ಪಳೆಯಾಗಿ ಏಳುತ್ತದೆ. ಬಾವಿಕಟ್ಟೆಯ ಹಿಂದೆ ಅವರು ಬಿಟ್ಟುಹೋದ ಖಾಲಿ ಡಬ್ಬಿಯ ಮೇಲೆ, ನೆಲ ಪೂರ್ತಿ ಒಣಗಿರಬೇಕು, ಹಚ್ಚಿದ ಮೇಲೆ 24 ಗಂಟೆ ಮಳೆ ತಾಗಬಾರದು ಎಂದು ದಪ್ಪ ಅಕ್ಷರದಲ್ಲೇ ಅಚ್ಚಾಗಿದೆ.

ಬಿಳಿಚಿದ್ದನ್ನಾದರೂ ಸಹಿಸಬಹುದು. ಜಾರುವುದನ್ನು ಹೇಗೆ ಸಹಿಸುವುದು? ತೇವವಾದರೆ ಆ ಪದರದ ಮೇಲೆ ಚಪ್ಪಲಿ ನಿಲ್ಲುವುದಿಲ್ಲ. ಕೊನೆಕೊಯ್ಲಿನ ದಿನ ತೋಟದಿಂದ ಅಡಿಕೆ ಕೊನೆ ಹೊತ್ತು ಬಂದ ಒಬ್ಬರು ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಅವರ ಮದ್ದಿನ ಖರ್ಚು, ಕೂಲಿ ನಾವು ಕೊಟ್ಟೆವು. ಕೋಟಿಂಗಿನವನಿಗೆ ಫೋನು ಮಾಡಿದರೆ, ‘ಒಂದು ಬೇಸಿಗೆ ಕಳೆಯಲಿ, ತಾನೇ ಸರಿಹೋಗುತ್ತದೆ’ ಎಂದವನು ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಚಾಲಿಗೆಂದು, ಅಂದರೆ ಒಣಗಿಸಿ ಸುಲಿಯುವ ಅಡಿಕೆಗೆಂದು, ತಿಂಗಳಿಗೂ ಹೆಚ್ಚು ಕಾಲ ಬಿಸಿಲಿಗೆ ಹರಡುವ ಅಡಿಕೆಯನ್ನು ಆ ನೆಲಕ್ಕೆ ತಾಗಿಸಲು ನಮಗೆ ಮನಸ್ಸಾಗಲಿಲ್ಲ. ಎಷ್ಟೆಂದರೂ ಬಾಯಿಗೆ ಹಾಕುವ ವಸ್ತು. ಟಾರ್ಪಾಲು ಹಾಸಿ ಒಣಗಿಸುತ್ತಿದ್ದೇವೆ.

ಹಾಗಾದರೆ ಸೀಲರ್ ಬೇಡವೇ? ನನ್ನ ಮಟ್ಟಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಡೆಯುವ ನಮ್ಮ ಕಡೆ ಅಂಗಳಕ್ಕೆ ಹೊಳೆಯುವ ಕೋಟಿಂಗ್ ಬೇಡವೇ ಬೇಡ. ಹಚ್ಚಲೇಬೇಕೆಂದರೆ ಪದರ ಕಟ್ಟದೆ ಒಳಗೆ ಇಂಗುವ ಸೈಲೇನ್, ಸೈಲೋಕ್ಸೇನ್ ಜಾತಿಯದನ್ನು ಕೇಳಿ. ಅದು ಹೊಳೆಯುವುದಿಲ್ಲ, ಅದೇ ಅದರ ಗುಣ. ಕಾಲ ಫೆಬ್ರವರಿ, ಮಾರ್ಚ್. ಹಿಂದಿನ ದಿನ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಬೆವರಿದ್ದರೆ ನೆಲ ಒಣಗಿಲ್ಲ, ಹಚ್ಚಲು ಬಂದವನನ್ನು ವಾಪಸು ಕಳಿಸಿ.

ಹಾವಸೆಗೆ ಗಟ್ಟಿ ಬ್ರಷ್ಷು, ನೀರು, ತಿಳಿಯಾದ ಬ್ಲೀಚಿಂಗ್ ನೀರು ಸಾಕು. ಹತ್ತು ಹದಿನೈದು ನಿಮಿಷ ಬಿಟ್ಟು ತಿಕ್ಕಿ, ಚೆನ್ನಾಗಿ ತೊಳೆಯಿರಿ. ಅಡಿಕೆ ಮದ್ದಿಗೆ ತಂದ ಮೈಲುತುತ್ತ ಉಳಿದಿದೆಯೆಂದು ಅಂಗಳಕ್ಕೆ ಸುರಿಯುವವರನ್ನೂ ಕಂಡಿದ್ದೇನೆ. ಹಾವಸೆ ಸಾಯುವುದು ನಿಜ, ಆದರೆ ಆ ನೀರು ಹಳ್ಳ ಸೇರಿದರೆ ಮೀನೂ ಸಾಯುತ್ತದೆ. ಚಿರೆಕಲ್ಲು ಹಾಸಿದ ಅಂಗಳವಾದರೆ ಆಸಿಡನ್ನೂ ಪ್ರೆಷರ್ ವಾಷರನ್ನೂ ಹತ್ತಿರ ಸುಳಿಯಗೊಡಬೇಡಿ, ಮೆದು ಕಲ್ಲು ತೂತು ಬೀಳುತ್ತದೆ. ಸದಾ ನೆರಳಿರುವ ಮೂಲೆಯಲ್ಲಿ ಏನು ಮಾಡಿದರೂ ಹಾವಸೆ ಬರುತ್ತದೆ. ಅಲ್ಲಿ ಮಾವಿನ ಒಂದೆರಡು ಟೊಂಗೆ ಸವರಿ ಬಿಸಿಲು ಬೀಳುವಂತೆ ಮಾಡುವುದು ಯಾವ ಕೋಟಿಂಗಿಗಿಂತಲೂ ಮೇಲು. ಮಳೆಗಾಲದಲ್ಲಿ ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸುತ್ತಿದ್ದ ಹಳಬರಿಗೆ ಇದೆಲ್ಲ ತಿಳಿದಿತ್ತು.

ಇಷ್ಟಾದ ಮೇಲೂ ಹೊರಗಿನವರಿಗೆ ಕೆಲಸ ಕೊಡುವಿರಾದರೆ, ಯಾವ ವಸ್ತು ಬಳಸುತ್ತಾರೆ, ಎಷ್ಟು ಕಾಲದ ಭರವಸೆ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ಕೆಲಸದ ಮೊದಲು ಮತ್ತು ನಂತರ ಫೋಟೋ ತೆಗೆದಿಡಿ. ಕೆಟ್ಟರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ನಮ್ಮ ಹತ್ತಿರ ಇರುವುದು ಆ ಖಾಲಿ ಡಬ್ಬಿ ಮತ್ತು ಹೆಸರು, ವಿಳಾಸ ಒಂದೂ ಇಲ್ಲದ ಒಂದು ಚೀಟಿ. ಅಷ್ಟರ ಮೇಲೆ ದೂರು ನಿಲ್ಲುತ್ತದೆಯೇ ಎಂದು ವಕೀಲರನ್ನು ಕೇಳಲು ಅಣ್ಣ ಬರುವ ವಾರ ಹೋಗುತ್ತಾನೆ.