ತ್ರಿಭುಜದ ವಿಸ್ತೀರ್ಣ ಲೆಕ್ಕಿಸುವ ಒಂದು ಮೊಬೈಲ್ ಆ್ಯಪ್: ವಿಮರ್ಶೆ

ಪಾದ ಮತ್ತು ಎತ್ತರ, ಮೂರು ಬಾಹುಗಳು, ಎರಡು ಬಾಹುಗಳು ಹಾಗೂ ಅವುಗಳ ನಡುವಿನ ಕೋನ, ಹೀಗೆ ಮೂರು ಬಗೆಯ ಅಳತೆಗಳಿಂದ ತ್ರಿಭುಜದ ವಿಸ್ತೀರ್ಣವನ್ನು ಕೊಡುವ ಈ ಆ್ಯಪ್ ಉಚಿತವಾಗಿದ್ದು, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.

ಇದರ ನಿಜವಾದ ಬಲವಿರುವುದು ಮೂರು ಬಾಹುಗಳಿಂದಲೇ ವಿಸ್ತೀರ್ಣ ಕೊಡುವ ಹೆರಾನ್ ಸೂತ್ರದ ಭಾಗದಲ್ಲಿ. ಬಾಹುಗಳನ್ನು 13, 14, 15 ಸೆಂ.ಮೀ. ಎಂದು ನಮೂದಿಸಿದರೆ, ಅರ್ಧ ಸುತ್ತಳತೆ 21 ಎಂದು ಮೊದಲು ತೋರಿಸಿ, ಅದರಿಂದ ಒಂದೊಂದು ಬಾಹುವನ್ನೂ ಕಳೆದು, 21 × 8 × 7 × 6 ಎಂಬ ಗುಣಲಬ್ಧವಾದ 7056ರ ವರ್ಗಮೂಲವನ್ನು ತೆಗೆದು, 84 ಚದರ ಸೆಂ.ಮೀ. ಎಂಬ ಉತ್ತರವನ್ನು ಹಂತಹಂತವಾಗಿ ಕೊಡುತ್ತದೆ. 14 ಸೆಂ.ಮೀ. ಪಾದಕ್ಕೆ ಎತ್ತರ 12 ಸೆಂ.ಮೀ. ಎಂಬುದನ್ನೂ ಕೆಳಗೆ ಸೂಚಿಸುವುದರಿಂದ, ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧವೂ ಅದೇ 84 ಆಗುವುದನ್ನು ವಿದ್ಯಾರ್ಥಿಯು ತಾನೇ ತಾಳೆ ನೋಡಬಹುದು. 5, 6, 12 ಎಂದು ಕೊಟ್ಟರೆ, ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಕಡಿಮೆ ಇರುವುದರಿಂದ ಅಂಥ ತ್ರಿಭುಜವೇ ಸಾಧ್ಯವಿಲ್ಲವೆಂದು ತಿಳಿಸುತ್ತದೆ.

ಕೋನದ ಭಾಗಕ್ಕೆ ಇದೇ ಎಚ್ಚರ ದೊರೆತಿಲ್ಲ. 8 ಮತ್ತು 10 ಸೆಂ.ಮೀ. ಬಾಹುಗಳ ನಡುವೆ 30 ಡಿಗ್ರಿ ಕೋನವಿದ್ದರೆ ವಿಸ್ತೀರ್ಣ 20 ಚದರ ಸೆಂ.ಮೀ. ಆಗಬೇಕು, ಆದರೆ ಆಯ್ಕೆಯು ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದ್ದರೆ ಸುಮಾರು −39.5 ಎಂಬ ಉತ್ತರ ಬರುತ್ತದೆ. ವಿಸ್ತೀರ್ಣವು ಋಣಾತ್ಮಕವಾದಾಗಲೂ ಸುಮ್ಮನಿರುವ ಗಣಕವನ್ನು ಒಪ್ಪುವುದು ಕಷ್ಟ. ವಿಶಾಲಕೋನ ತ್ರಿಭುಜದಲ್ಲಿ ಎತ್ತರವು ಆಕೃತಿಯ ಹೊರಗೆ ಬೀಳಬಹುದೆಂಬುದನ್ನು ತೋರಿಸುವ ಚಿತ್ರವೂ ಇಲ್ಲ. ಮೂರು ಬಾಹುಗಳ ಲೆಕ್ಕಕ್ಕೆ ಇದನ್ನು ನಿಸ್ಸಂಕೋಚವಾಗಿ ಬಳಸಬಹುದು. ಕೋನದ ಲೆಕ್ಕಕ್ಕೆ ಮುಂದಿನ ಆವೃತ್ತಿಯವರೆಗೆ ಕಾಯುವುದು ಲೇಸು.