ಬಂಡೆ ಸೀಳಲು ಬೆಣೆಯಾ, ಕೆಮಿಕಲ್ಲಾ, ಹೈಡ್ರಾಲಿಕ್ಕಾ? ಮೂರನ್ನೂ ಮಾಡಿ ನೋಡಿದೆ

ಮಾಗಡಿ ಕಡೆ ಅಪ್ಪನ ಕಾಲದ ಒಂದು ಜಮೀನಿದೆ. ಅಲ್ಲೊಂದು ಸಣ್ಣ ಮನೆ ಕಟ್ಟೋಣ ಅಂತ ಪಾಯಕ್ಕೆ ಗುರುತು ಹಾಕಿದೆವು. ಹಾಲ್ ಬರಬೇಕಾದ ಜಾಗದಲ್ಲಿ ಒಂದು ಗುಂಡುಕಲ್ಲು ಕೂತಿತ್ತು, ಅಡುಗೆಮನೆ ಜಾಗದಲ್ಲಿ ಇನ್ನೊಂದು. ನೀರಿನ ಸಂಪ್‌ಗೆ ಅಂತ ಗುಂಡಿ ತೋಡಿದರೆ ನಾಲ್ಕೇ ಅಡಿಗೆ ಹಾಸುಬಂಡೆ. ಮಾಗಡಿ, ರಾಮನಗರ ಸೀಮೆಯಲ್ಲಿ ಇದೇನು ಹೊಸದಲ್ಲ. ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಕರೆಯುವ ಕಲ್ಲಿನ ಪಟ್ಟಿ ಇಲ್ಲೇ ಹಾದುಹೋಗುತ್ತದೆ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಅದರಿಂದ ಈ ಹೆಸರು. ಸುಮಾರು 250 ಕೋಟಿ ವರ್ಷದ ಕಲ್ಲು. ನಾವು ಇಟ್ಟ ಮುಹೂರ್ತಕ್ಕೆಲ್ಲ ಅದು ಜಗ್ಗುವ ಹಾಗಿರಲಿಲ್ಲ.

"ಎರಡು ಶಾಟ್ ಇಟ್ಬಿಡಿ ಸಾರ್, ಅರ್ಧ ದಿನದ ಕೆಲಸ" ಅಂದವರು ಬಹಳ ಜನ. ಆದರೆ ಪಕ್ಕದ ಮನೆ ಮೂವತ್ತು ಅಡಿ ದೂರದಲ್ಲಿದೆ. ನಾಡಹೆಂಚಿನ ಮನೆ, ಜೊತೆಗೆ ಹಸುವಿನ ಕೊಟ್ಟಿಗೆ. ಲೈಸೆನ್ಸ್ ಇಲ್ಲದೆ ಸಿಡಿಮದ್ದು ಮುಟ್ಟುವ ಹಾಗಿಲ್ಲ, ಮುಟ್ಟುವ ಆಸೆಯೂ ನನಗಿರಲಿಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡೂ ಕಡೆ ಜೆಲಟಿನ್ ಸಿಡಿದು ಜನ ಸತ್ತ ಸುದ್ದಿ ನೆನಪಿದ್ದವರು ಯಾರೂ ಈ ವಿಷಯದಲ್ಲಿ ಚೌಕಾಸಿ ಮಾಡುವುದಿಲ್ಲ.

ಬ್ರೇಕರ್ ಹಾಕಿದ ಹಿಟಾಚಿ ತರಿಸಿ ಒಂದು ಗಂಟೆ ನೋಡಿದೆವು. ಕಲ್ಲು ಪುಡಿಯಾಗುತ್ತಿತ್ತು, ನಿಜ. ಪಕ್ಕದ ಮನೆಯಿಂದ ಹೆಂಚು ಜಾರಿ ಬಿತ್ತು. ಯಜಮಾನಿ ಅಜ್ಜಿ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. ಗಾಡಿ ವಾಪಸ್ ಹೋಯಿತು.

ಉಳಿದದ್ದು ಮೂರು ದಾರಿ. ಮೂರರ ತತ್ವವೂ ಒಂದೇ. ಗ್ರಾನೈಟನ್ನು ಹೊರಗಿನಿಂದ ಅದುಮಿದರೆ ಎಷ್ಟು ಬೇಕಾದರೂ ತಡೆಯುತ್ತದೆ. ಒಳಗಿನಿಂದ ಎಳೆದು ಬಿಡಿಸಿದರೆ ಅದರ ಹತ್ತನೇ ಒಂದು ಭಾಗ ಬಲಕ್ಕೇ ಕೈ ಬಿಡುತ್ತದೆ. ಅದಕ್ಕೇ ತೂತು ಕೊರೆದು, ಒಳಗೆ ಏನಾದರೂ ಹಾಕಿ, ಅಗಲ ಮಾಡುವುದು.

ಮೊದಲು ಬೆಣೆ. ಇದು ತೀರಾ ಹಳೇ ವಿದ್ಯೆ. ಹಂಪಿಗೆ ಹೋದವರು ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳನ್ನು ನೋಡಿರುತ್ತೀರಿ. ಸೀಳದೆ ಬಿಟ್ಟುಹೋದ ಬಂಡೆಗಳಲ್ಲಿ ಅವು ಇವತ್ತಿಗೂ ಹಾಗೇ ಇವೆ, ಹರಿಯಲು ಚುಕ್ಕಿ ಹೊಡೆದ ರಸೀದಿ ಪುಸ್ತಕದ ಹಾಳೆಯಂತೆ. ಈಗಿನದು ದುಂಡು ತೂತಿಗೆ ಹೊಂದುವ ಸೆಟ್. ನಡುವೆ ಒಂದು ಉಕ್ಕಿನ ಬೆಣೆ, ಅದರ ಎರಡು ಪಕ್ಕಕ್ಕೆ ಎರಡು ಪಟ್ಟಿ. ಬೆಣೆ ಕೆಳಗಿಳಿದಂತೆ ಪಟ್ಟಿಗಳು ಕಲ್ಲನ್ನು ಆಚೆ ಈಚೆ ತಳ್ಳುತ್ತವೆ. ಅಷ್ಟೇ.

ಹಾಲ್ ಜಾಗದ ಗುಂಡು ಏಳು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ. ಊರಿನ ಹಳೇ ಕಲ್ಲು ಮೇಸ್ತ್ರಿಯೊಬ್ಬರನ್ನು ಕರೆತಂದೆ. ಬಂದವರೇ ಡ್ರಿಲ್ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಬಿಂದಿಗೆ ನೀರು ಕೇಳಿ ಕಲ್ಲಿನ ಮೇಲೆ ಸುರಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸೌದೆಗೆ ಇರುವ ಹಾಗೆ ಕಲ್ಲಿಗೂ ಸೀಳುವ ದಿಕ್ಕು ಅಂತ ಒಂದಿದೆ. ಅದನ್ನು ಬಿಟ್ಟು ಅಡ್ಡಕ್ಕೆ ಹೋದರೆ ದುಪ್ಪಟ್ಟು ಕೆಲಸ. ಅವರು ಇದ್ದಿಲಲ್ಲಿ ಗೆರೆ ಎಳೆದ ಮೇಲೆ ನಾನು ಕೊರೆಯಲು ಶುರು ಮಾಡಿದೆ. 20 ಎಂಎಂ ಬಿಟ್, ಐದು ಇಂಚು ಆಳ, ಅರ್ಧ ಅಡಿಗೊಂದರಂತೆ ಒಟ್ಟು 13 ತೂತು. ಒಂದಕ್ಕೆ ನಾಲ್ಕೈದು ನಿಮಿಷ. ತೂತಿನ ಬಾಯಿ ಸುತ್ತ ಅಕ್ಕಿ ಹಿಟ್ಟಿನಂಥ ಪುಡಿ ಗೂಡು ಕಟ್ಟುತ್ತದೆ. ನೋಡಲು ಚೆಂದ, ಎದೆಗೆ ವಿಷ. ಕಲ್ಲು ಕೆಲಸದವರಿಗೆ ಬರುವ ಸಿಲಿಕೋಸಿಸ್ ಇದರಿಂದಲೇ. ಮಾಸ್ಕ್ ಹಾಕಿ, ನೀರು ಚಿಮುಕಿಸುತ್ತಾ ಕೊರೆಯಿರಿ. ಬಾಯಲ್ಲಿ ಊದಿ ಪುಡಿ ತೆಗೆಯುವ ಚಟ ಬೇಡ. ನಾನು ಒಮ್ಮೆ ಊದಿ ಕಣ್ಣು ತೊಳೆಯುತ್ತಾ ಕೂತೆ.

ಬೆಣೆ ಕೂರಿಸುವಾಗ ಒಂದು ತಪ್ಪು ಮಾಡಿದೆ. ಎರಡು ತೂತಿನಲ್ಲಿ ಪಟ್ಟಿಗಳನ್ನು ತಿರುಗಿಸಿ ಇಟ್ಟಿದ್ದೆ. ಪಟ್ಟಿಗಳು ಗೆರೆಯ ಎರಡು ಬದಿಗೆ ತಳ್ಳಬೇಕು, ಗೆರೆಯ ಉದ್ದಕ್ಕಲ್ಲ. ಮೇಸ್ತ್ರಿ ಏನೂ ಅನ್ನದೆ ಅವನ್ನು ಕಿತ್ತು ಸರಿಯಾಗಿ ಕೂರಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಎರಡು ಕೆಜಿ ಸುತ್ತಿಗೆ. ನಾನು ಮೊದಲ ಬೆಣೆಗೇ ನಾಲ್ಕೈದು ಏಟು ಕೊಟ್ಟೆ. "ಒಂದಕ್ಕೇ ಸುರೀಬೇಡಿ ಸಾಮಿ. ಪಂಕ್ತೀಲಿ ಬಡಿಸ್ದಂಗೆ, ಎಲ್ಲಕ್ಕೂ ಒಂದೊಂದು" ಅಂದರು. ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು, ಮತ್ತೆ ಮೊದಲಿಂದ. ಮೊದಲ ಸುತ್ತಿನಲ್ಲಿ ಸದ್ದು ಮಂಕು, ಟಕ್ ಟಕ್. ಮೂರನೇ ಸುತ್ತಿಗೆ ಟಣ್ ಅನ್ನತೊಡಗಿತು. ಐದನೇ ಸುತ್ತಿಗೆ ದೇವಸ್ಥಾನದ ಗಂಟೆಯ ಹಾಗೆ ಸಣ್ಣಗೆ, ಮೇಲಕ್ಕೆ ಏರಿದ ದನಿ. ಇನ್ನೇನು ಅಂತ ನಾನು ಸುತ್ತಿಗೆ ಎತ್ತಿದರೆ ಅವರು ಕೈ ಅಡ್ಡ ಹಿಡಿದರು. "ಈಗ ಬಿಡಿ. ಟೀ ಕುಡ್ಕೊಂಡ್ ಬರೋಣ."

ಟೀ ಕುಡಿದು ಬಂದಾಗ ಕಲ್ಲು ಹಾಗೇ ಇದ್ದಂತೆ ಕಂಡಿತು. ಅವರು ಮತ್ತೆ ನೀರು ಸುರಿದರು. ಬಿಸಿಲಿಗೆ ಮೇಲ್ಮೈ ಎರಡೇ ನಿಮಿಷದಲ್ಲಿ ಒಣಗಿತು, ತೂತಿನಿಂದ ತೂತಿಗೆ ಒಂದು ಕಪ್ಪು ಎಳೆ ಮಾತ್ರ ಒಣಗಲಿಲ್ಲ. ಕೂದಲಿನಷ್ಟು ತೆಳು. ನೀರು ಒಳಗೆ ಇಳಿದಿತ್ತು. ಇನ್ನೊಂದು ಸುತ್ತು ಹೊಡೆದ ಮೇಲೆ ಒಳಗಿಂದ ಬಟ್ಟೆ ಹರಿದಂಥ ಸದ್ದು. ಹಾರೆ ಹಾಕಿ ಮೀಟಿದಾಗ ಗುಂಡು ಎರಡು ಹೋಳಾಗಿ ಕೂತಿತು. ಸೀಳಿದ ಮುಖ ಹಲಗೆಯಷ್ಟು ನೇರ. ಕೊಟ್ಟಿಗೆಯಲ್ಲಿದ್ದ ಹಸು ಮೆಲುಕು ಹಾಕುವುದನ್ನೂ ನಿಲ್ಲಿಸಿರಲಿಲ್ಲ.

ಇದೇ ಬೆಣೆ ಒಂದು ಕಾಲದಲ್ಲಿ ಕಲ್ಲಿದ್ದಲು ಗಣಿಯೊಳಗೂ ಇತ್ತು. 19ನೇ ಶತಮಾನದ ಇಂಗ್ಲೆಂಡಿನ ಗಣಿಗಳಲ್ಲಿ ಮದ್ದಿನ ಕಿಡಿ ಮೀಥೇನ್ ಅನಿಲಕ್ಕೋ ಇದ್ದಲಿನ ಧೂಳಿಗೋ ತಗುಲಿದರೆ ಇಡೀ ಸುರಂಗ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಪದರದ ಬುಡ ಕೆತ್ತಿ ಟೊಳ್ಳು ಮಾಡಿ, ಮೇಲೆ ತೂತು ಕೊರೆದು, ಬೆಣೆ ಹೊಡೆದು ಇದ್ದಲನ್ನು ಕೆಳಗೆ ಬೀಳಿಸುವ ಯಂತ್ರಗಳನ್ನು ಮಾಡಿದರು. ಅದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು. ಮದ್ದು ಇಟ್ಟರೆ ಪುಡಿ ಜಾಸ್ತಿ, ಬೆಣೆ ಇಟ್ಟರೆ ದೊಡ್ಡ ಹೆಂಟೆ. ಮಾರುಕಟ್ಟೆಯಲ್ಲಿ ಬೆಲೆ ಇದ್ದದ್ದು ಹೆಂಟೆಗೆ. ನನ್ನ ಗುಂಡಿನ ಲೆಕ್ಕವೂ ಹೀಗೇ ಆಯಿತು. ಬ್ರೇಕರ್ ಹೊಡೆದ ಜಾಗದಲ್ಲಿ ಸಿಕ್ಕಿದ್ದು ಜಲ್ಲಿಗೂ ಬಾರದ ಚೂರು. ಬೆಣೆಯಿಂದ ಮತ್ತೆ ಮತ್ತೆ ಸೀಳಿದ ಮೇಲೆ ಪಾಯಕ್ಕೆ ಸೈಜುಗಲ್ಲು, ಬಾಗಿಲಿಗೆ ಮೂರು ಮೆಟ್ಟಿಲು, ಬೇಲಿಗೆ ಹನ್ನೊಂದು ಕೂಚ, ಅಂದರೆ ಕಲ್ಲುಕಂಬ.

ಎರಡನೆಯದು ಕೆಮಿಕಲ್. ಅಂಗಡಿಯಲ್ಲಿ ಹಾಗೇ ಕೇಳಿದರೂ ಕೊಡುತ್ತಾರೆ. ಹೆಸರು ದೊಡ್ಡದು, ಒಳಗಿರುವುದು ಮುಖ್ಯವಾಗಿ ಸುಟ್ಟ ಸುಣ್ಣ. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತಿದ್ದುದನ್ನು ಹಿಂದೆ ಮನೆಗೆ ಸುಣ್ಣ ಬಳಿಯುವಾಗ ನೋಡಿದವರಿಗೆ ಇದು ಹೊಸದಲ್ಲ. ಆ ಅರಳುವಿಕೆಯನ್ನೇ ನಿಧಾನ ಮಾಡಿ ತೂತಿನೊಳಗೆ ಕಟ್ಟಿಹಾಕಿದ್ದಾರೆ. ಇದಕ್ಕೂ ಇದ್ದಲು ಗಣಿಯ ನೆಂಟಸ್ತಿಕೆ ಇದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಡರ್ಬಿಶೈರ್ ಗಣಿಗಳಲ್ಲಿ ಒತ್ತಿ ಗಟ್ಟಿ ಮಾಡಿದ ಸುಣ್ಣದ ತುಂಡುಗಳನ್ನು ತೂತಿಗೆ ತುಂಬಿ, ಪಂಪಿನಿಂದ ನೀರು ಬಿಟ್ಟು ಇದ್ದಲು ಬೀಳಿಸುತ್ತಿದ್ದರು.

ಅಡುಗೆಮನೆಯ ಗುಂಡು ದೊಡ್ಡದು, ಅರ್ಧ ಮಣ್ಣಿನೊಳಗಿತ್ತು. ಇದಕ್ಕೆ ನನ್ನ ಕೈ ಡ್ರಿಲ್ ಸಾಲದು. ಟ್ರ್ಯಾಕ್ಟರ್ ಕಂಪ್ರೆಸರ್ ತರಿಸಿ ಜಾಕ್ ಹ್ಯಾಮರಿನಲ್ಲಿ 38 ಎಂಎಂ ತೂತು ಹೊಡೆಸಿದೆ. ಅಡಿಗೊಂದು, ಮೂರು ಅಡಿ ಆಳ, ಒಟ್ಟು 12. ಐದು ಕೆಜಿ ಪುಡಿಗೆ ಒಂದೂವರೆ ಲೀಟರ್ ನೀರು. ಕಲಸಿದ ಐದಾರು ನಿಮಿಷದಲ್ಲಿ ಸುರಿದು ಮುಗಿಸಬೇಕು. ಪುಡಿ 20 ಕೆಜಿ ಹಿಡಿಯಿತು.

ಎಡವಟ್ಟಾಗಿದ್ದು ಇಲ್ಲೇ. ಈ ಪುಡಿಯಲ್ಲಿ ಬೇಸಿಗೆಗೆ ಬೇರೆ, ಚಳಿಗೆ ಬೇರೆ ಅಂತ ಬಗೆಗಳಿವೆ. ಅಂಗಡಿಯವರು ಕೊಟ್ಟದ್ದು ಚಳಿಯದು, ಚೀಲದ ಮೇಲೆ ಬರೆದದ್ದನ್ನು ನಾನೂ ಓದಲಿಲ್ಲ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಸಿಂಟೆಕ್ಸ್ ಟ್ಯಾಂಕಿನ ಬೆಚ್ಚಗಿನ ನೀರು. ಸುರಿದು ಮುಕ್ಕಾಲು ಗಂಟೆ ಆಗಿತ್ತು. ಢಬ್ ಅಂತ ಒಂದು ತೂತಿನಿಂದ ಬೂದು ಬಣ್ಣದ ಕಲಸು ಕಾರಂಜಿಯ ಹಾಗೆ ಹಾರಿ ಮಾವಿನ ಕೊಂಬೆಗೆ ಮೆತ್ತಿಕೊಂಡಿತು. ಆ ಹೊತ್ತಿಗೆ ಯಾರಾದರೂ ತೂತಿಗೆ ಬಗ್ಗಿ ನೋಡುತ್ತಿದ್ದರೆ ಕಣ್ಣು ಹೋಗುತ್ತಿತ್ತು. ಸುಮ್ನೆ ಹೇಳುತ್ತಿಲ್ಲ. ಸುರಿದ ಮೇಲೆ ಆ ಕಡೆ ಮುಖ ಹಾಕಬೇಡಿ. ಕನ್ನಡಕ, ಗ್ಲೌಸ್ ಇಲ್ಲದೆ ಕಲಸಲೂ ಬೇಡಿ. ಮರುದಿನ ಸರಿಯಾದ ಪುಡಿ ತಂದು, ಸಂಜೆ ಬಿಸಿಲಿಳಿದ ಮೇಲೆ, ಬಾವಿಯ ತಣ್ಣೀರಿನಲ್ಲಿ ಕಲಸಿ ಹಾರಿಹೋದ ತೂತನ್ನು ತುಂಬಿದೆ.

ಅದರ ಮಾರನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡಿದರೆ ಗುಂಡಿನ ಮೇಲೆ ಬೆರಳು ಹೋಗುವಷ್ಟು ಅಗಲದ ಬಿರುಕು. ಮಧ್ಯಾಹ್ನಕ್ಕೆ ಇನ್ನೂ ಬಿಟ್ಟಿತು. ಸುತ್ತಿಗೆ ಇಲ್ಲ, ಸದ್ದಿಲ್ಲ, ಬೆವರಿಲ್ಲ. ಆದರೆ ಬಿರುಕು ನನ್ನ ಗೆರೆಯ ಮಾತು ಪೂರ್ತಿ ಕೇಳಿರಲಿಲ್ಲ. ಎರಡು ಕಡೆ ತೂತಿನಿಂದ ಪಕ್ಕಕ್ಕೆ ಓಡಿ, ಕಲ್ಲು ಮೂರು ವಾರೆ ಹೋಳಾಗಿತ್ತು. ಬೋಡ್ರಸ್‌ಗೆ, ಅಂದರೆ ಒರಟು ಕಲ್ಲಾಗಿ ತುಂಬಲು ಆದೀತು, ಕೂಚಕ್ಕೆ ಆಗದು.

ಮೂರನೆಯದು ಹೈಡ್ರಾಲಿಕ್ ಸ್ಪ್ಲಿಟರ್. ಬೆಣೆಯದೇ ದೊಡ್ಡಣ್ಣ. ಬೆಣೆ, ಎರಡು ಪಟ್ಟಿ ಎಲ್ಲ ಇದರಲ್ಲೂ ಇವೆ. ಸುತ್ತಿಗೆ ಬದಲು ಎಣ್ಣೆಯ ಒತ್ತಡ, ನೂರಾರು ಟನ್ ಬಲ. ಬೆಂಗಳೂರಲ್ಲಿ ಬೇಸ್‌ಮೆಂಟ್ ತೋಡುವವರು ಇಟ್ಟುಕೊಂಡಿರುತ್ತಾರೆ. ಒಂದು ದಿನಕ್ಕೆ ಬಾಡಿಗೆಗೆ ತಂದೆ. ಗನ್ ಹಿಡಿಯಲು ಇಬ್ಬರು ಬೇಕು. ಕೆಮಿಕಲ್ ಬಿಟ್ಟ ದೊಡ್ಡ ಹೋಳಿನಲ್ಲಿ 45 ಎಂಎಂ ತೂತು ಹೊಡೆಸಿ, ಬೆಣೆಗೆ ಗ್ರೀಸ್ ಮೆತ್ತಿ, ಇಳಿಸಿ, ಲಿವರ್ ಒತ್ತಿದರು. ನಾನು ಫೋನಿನಲ್ಲಿ ವಿಡಿಯೋ ಆನ್ ಮಾಡುವಷ್ಟರಲ್ಲಿ ಕಲ್ಲು ಬಿಟ್ಟಿತ್ತು. ವಿಡಿಯೋದಲ್ಲಿ ಇರುವುದು ನನ್ನ ಚಪ್ಪಲಿ.

ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ಮುಖವೂ ಸಾಕಷ್ಟು ನೇರ. ಆದರೆ ತೂತು ಸ್ವಲ್ಪ ಸೊಟ್ಟಗಿದ್ದರೂ ಮುನಿಸಿಕೊಳ್ಳುತ್ತದೆ. ಐದನೇ ತೂತಿನಲ್ಲಿ ಸಿಕ್ಕಿಹಾಕಿಕೊಂಡ ಬೆಣೆ ಬಿಡಿಸಲು ಪಕ್ಕದಲ್ಲಿ ಇನ್ನೊಂದು ತೂತು ಹೊಡೆಯಬೇಕಾಯಿತು. ಒಂದೂವರೆ ಗಂಟೆ ಹೋಯಿತು, ಬಾಡಿಗೆ ಮೀಟರ್ ಓಡುತ್ತಲೇ ಇತ್ತು.

ಸಂಪಿನ ಹಾಸುಬಂಡೆ ಮಾತ್ರ ಎಲ್ಲರ ಜಂಭ ಇಳಿಸಿತು. ಗುಂಡುಕಲ್ಲಿಗೆ ಸುತ್ತಲೂ ಬಯಲು, ಬಿರಿದರೆ ಸರಿಯಲು ಜಾಗವಿದೆ. ಹಾಸುಬಂಡೆ ಎಲ್ಲಿಗೆ ಸರಿಯಬೇಕು? ಕೈ ಬೆಣೆ ಅಲ್ಲಿ ಸುಮ್ಮನೆ ಕಚ್ಚಿಕೊಂಡು ಕೂತಿತು. ಸ್ಪ್ಲಿಟರ್ ಬಾಯಿ ಹತ್ತಿರ ಚಕ್ಕೆ ಎಬ್ಬಿಸಿತು, ಅಷ್ಟೇ. ಕೊನೆಗೆ ಕೆಲಸಕ್ಕೆ ಬಂದದ್ದು ಕೆಮಿಕಲ್. ನಡುವಿನಲ್ಲಿ ಒತ್ತೊತ್ತಾಗಿ ತೂತು ಹೊಡೆಸಿ, ಕೆಲವನ್ನು ಖಾಲಿ ಬಿಟ್ಟು, ಉಳಿದವಕ್ಕೆ ಸುರಿದು, ಎರಡು ರಾತ್ರಿ ಬಿಟ್ಟು, ಸಡಿಲವಾದ ಚೂರುಗಳನ್ನು ಹಾರೆಯಿಂದ ಎಬ್ಬಿಸಿದೆವು. ನಡುವೆ ಒಂದು ಗುಣಿ ಆದಮೇಲೆ ಸುತ್ತಲಿನ ಕಲ್ಲಿಗೆ ಬೀಳಲು ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಬೆಣೆಯೂ ನಡೆಯಿತು. ಮೂರು ಅಡಿ ಆಳಕ್ಕೆ ಒಂಬತ್ತು ದಿನ. ಸಂಪು ಅಲ್ಲೇ ಆಗಬೇಕು ಅಂತ ಹಟ ಹಿಡಿದ ನನ್ನದೇ ತಪ್ಪು. ಪಕ್ಕಕ್ಕೆ ಹನ್ನೆರಡು ಅಡಿ ಸರಿದಿದ್ದರೆ ಮಣ್ಣೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ಖರ್ಚು ಬರೆದಿಟ್ಟ ಪುಸ್ತಕ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ತೂತಿಗೆ ಏನು ಹಾಕಿದೆ ಅನ್ನುವುದಕ್ಕಿಂತ ತೂತು ಹೊಡೆಯಲು ಆದ ಖರ್ಚೇ ಜಾಸ್ತಿ. ಕಂಪ್ರೆಸರ್ ಬಾಡಿಗೆ, ಡೀಸೆಲ್, ಬಿಟ್‌ಗೆ ಸಾಣೆ, ಕೂಲಿ ಎಲ್ಲ ಸೇರಿದರೆ ಕೆಮಿಕಲ್ಲಿನ ಬೆಲೆ ಹಿಂದೆ ಬಿತ್ತು. ಎಲ್ಲರೂ ಪುಡಿಯ ರೇಟು, ಮೆಷಿನ್ನಿನ ರೇಟು ವಿಚಾರಿಸುತ್ತಾರೆ. ಎಷ್ಟು ಅಡಿ ತೂತು, ಎಷ್ಟು ದಪ್ಪದ್ದು ಅಂತ ಮೊದಲು ಕೇಳಿ. ಆ ಲೆಕ್ಕದಲ್ಲಿ ಕೈ ಬೆಣೆ ಗೆಲ್ಲುತ್ತದೆ, ಯಾಕೆಂದರೆ ಅದಕ್ಕೆ ಸಾಕಾಗುವುದು ಬೆರಳು ದಪ್ಪ, ಗೇಣುದ್ದವೂ ಇಲ್ಲದ ತೂತು. ಮನೆ ಕರೆಂಟಿನ ಡ್ರಿಲ್ಲೇ ನಡೆಯುತ್ತದೆ.

ಹಾಗಾಗಿ ನನ್ನ ಮಟ್ಟಿಗೆ, ನೆಲದ ಮೇಲಿನ ಗುಂಡು, ಅದರಿಂದ ಕಲ್ಲು ಬೇಕು ಅಂದರೆ ಬೆಣೆ. ಕಲ್ಲು ತೊಲಗಿದರೆ ಸಾಕು, ಹೇಗೆ ಒಡೆದರೂ ಸರಿ, ಅವಸರವಿಲ್ಲ ಅಂದರೆ ಕೆಮಿಕಲ್. ಸ್ಪ್ಲಿಟರನ್ನು ಒಂದೆರಡು ಗುಂಡುಕಲ್ಲಿಗಾಗಿ ತರಿಸುವುದು ದಂಡ. ಹತ್ತಿಪ್ಪತ್ತು ಇದ್ದರೆ, ಎಲ್ಲ ತೂತೂ ಮೊದಲೇ ಹೊಡೆಸಿಟ್ಟು ತರಿಸಿ.

ಬೆಣೆ ಸೆಟ್ಟನ್ನು ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ. ಹೋದ ತಿಂಗಳು ಅದೇ ಹೆಂಚಿನ ಮನೆ ಅಜ್ಜಿ ಮೊಮ್ಮಗನನ್ನು ಕಳಿಸಿದ್ದರು, ಅವರ ಹಿತ್ತಿಲಲ್ಲೂ ಒಂದು ಗುಂಡಿದೆಯಂತೆ. ಕೊಟ್ಟದ್ದು 13, ವಾಪಸ್ ಬಂದದ್ದು 11. ಉಳಿದೆರಡು ಕಲ್ಲಿನಲ್ಲೇ ಕಚ್ಚಿಕೊಂಡಿವೆ ಅಂತ ಹುಡುಗ ಹೇಳಿದ. ಭಾನುವಾರ ಹೋಗಿ ನೋಡಬೇಕು, ಪಟ್ಟಿ ತಿರುಗಿಸಿ ಇಟ್ಟಿರುತ್ತಾನೆ.