ಕೊಟ್ಟದ್ದಕ್ಕೆ ರಸೀದಿಯಿದೆ, ಮುಂದಿನದಕ್ಕೆ ಲೆಕ್ಕವಿಲ್ಲ

ಮನೆಗೇ ಬಂದು ಇ-ತ್ಯಾಜ್ಯ ಒಯ್ಯುವ ಸೇವೆಯೊಂದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಆ್ಯಪ್ ಹೇಗಿದೆ, ಬುಕಿಂಗ್ ಹೇಗೆ ಎಂದು ಬೇಕಾದಷ್ಟು ಮಂದಿ ಬರೆದಿದ್ದಾರೆ. ಹೇಳಿದ ಹೊತ್ತಿಗೆ ಬರುತ್ತಾರೆ, ತೂಗುತ್ತಾರೆ, ಒಯ್ಯುತ್ತಾರೆ. ನನ್ನ ತಕರಾರು ಆಮೇಲಿನದು.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸದಿದ್ದರೆ ಇವರು ಮುಟ್ಟುವುದಿಲ್ಲ. ಆರಂಭದಲ್ಲಿ ಇದು ರಗಳೆ ಎನಿಸಿತ್ತು. ಈಗ ಅದೇ ಇಷ್ಟದ ಕೆಲಸ. ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಡಬ್ಬಿ, ಅದರ ಪಕ್ಕದಲ್ಲೇ ಟೇಪಿನ ಸುರುಳಿ. ಹಳೆಯ ಫೋನ್ ಸಿಕ್ಕಿದರೆ ರಾತ್ರಿ ಚಾರ್ಜಿಗೆ ಹಾಕಿ, ಪರದೆ ಬೆಳಗುವವರೆಗೆ ಕಾಯುತ್ತೇನೆ. ಉಳಿಸಿಕೊಳ್ಳಬೇಕಾದ ಚಿತ್ರಗಳನ್ನು ತೆಗೆದಿಟ್ಟು, ಖಾತೆಯಿಂದ ಹೊರಬಂದು, ಉಳಿದದ್ದನ್ನೆಲ್ಲ ಅಳಿಸಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಕಳಚುತ್ತೇನೆ. ಖಾತೆಯಿಂದ ಹೊರಬರದೆ ಕೊಟ್ಟರೆ ಎಷ್ಟೋ ಫೋನ್‌ಗಳು ಲಾಕ್ ಆಗಿಯೇ ಉಳಿಯುತ್ತವೆ. ಸುಸ್ಥಿತಿಯಲ್ಲಿದ್ದರೂ ಇನ್ನೊಬ್ಬರ ಕೈಗೆ ಹೋಗಲಾರವು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿನ ಗೊಡವೆಗೇ ಹೋಗಬಾರದು. ಲಿಥಿಯಂ ಅಯಾನ್ ಬ್ಯಾಟರಿ ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ. ಕಸದ ಲಾರಿಗಳಿಗೆ ಬೆಂಕಿ ಬೀಳಲು ಇದೂ ಒಂದು ಕಾರಣ.

ಇಷ್ಟು ಶ್ರದ್ಧೆಯಿಂದ ಸಿದ್ಧಮಾಡಿ ಕೊಟ್ಟ ಮೇಲೆ ಕೈಗೆ ಬರುವುದು ಒಂದು ಪ್ರಮಾಣಪತ್ರ: ಇಷ್ಟು ತೂಕ ಸ್ವೀಕರಿಸಿದ್ದೇವೆ, ಜವಾಬ್ದಾರಿಯಿಂದ ವಿಲೇವಾರಿ ಮಾಡುತ್ತೇವೆ ಎಂದು. ಭರವಸೆಯಿದೆ, ಲೆಕ್ಕವಿಲ್ಲ. ಕೆಲಸಮಾಡುವ ಮಾನಿಟರ್ ಯಾರಿಗಾದರೂ ಹೋಯಿತೇ, ಪುಡಿಯಾಯಿತೇ? ಒಳಗಿನ ಸರ್ಕ್ಯೂಟ್ ಬೋರ್ಡುಗಳು ಯಾವ ಕಾರ್ಖಾನೆ ಸೇರಿದವು? ಗ್ರಾಹಕ ಸೇವೆಗೆ ಬರೆದರೆ ಅದೇ ಸಿದ್ಧ ಉತ್ತರ, ಕೊನೆಯಲ್ಲಿ ಒಂದು ಧನ್ಯವಾದ.

ಇದು ಅತಿಯಾದ ಅನುಮಾನವಲ್ಲ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 6.2 ಕೋಟಿ ಟನ್; ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರ. ಉಳಿದುದರಲ್ಲಿ ಎಷ್ಟೋ ಪಾಲು ತಾಮ್ರಕ್ಕಾಗಿ ಬಯಲಲ್ಲಿ ಸುಡುವ ತಂತಿ, ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುವ ಬೋರ್ಡು. ತಂತಿಯ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದನ್ನು ಉಸಿರಾಡುವವರು ಸುಡುವವರೇ. ನನ್ನ ಹಳೆಯ ಚಾರ್ಜರಿನ ತಂತಿ ಅಲ್ಲಿಗೆ ಹೋಗಿಲ್ಲ ಎಂದು ಆ ಪ್ರಮಾಣಪತ್ರದಿಂದ ತಿಳಿಯುವುದಾದರೂ ಹೇಗೆ? ಲೆಕ್ಕ ಇಡುವುದು ಅಸಾಧ್ಯವೂ ಅಲ್ಲ. ಟೋಕಿಯೊ 2020 ಒಲಿಂಪಿಕ್ಸ್‌ನ ಪದಕಗಳಿಗೆಂದು ಜಪಾನಿನಲ್ಲಿ ಹಳೆಯ ಉಪಕರಣಗಳನ್ನು ಸಂಗ್ರಹಿಸಿದಾಗ ಸುಮಾರು 62 ಲಕ್ಷ ಮೊಬೈಲ್ ಬಂದದ್ದೂ ಕೊನೆಗೆ ಸುಮಾರು 32 ಕಿಲೋ ಚಿನ್ನ ದೊರೆತದ್ದೂ ಪ್ರಕಟವಾಯಿತು.

ಹಾರ್ಡ್ ಡಿಸ್ಕಿನ ವಿಷಯದಲ್ಲಂತೂ ನನಗೆ ಸಿಟ್ಟೇ ಬಂತು. ದತ್ತಾಂಶ ನಾಶದ ಪತ್ರಕ್ಕೆ ಬೇರೆ ಶುಲ್ಕ ಪಡೆಯುತ್ತಾರೆ, ಆದರೆ ಅದರಲ್ಲಿ ಡಿಸ್ಕಿನ ಕ್ರಮಸಂಖ್ಯೆಯೇ ಇರುವುದಿಲ್ಲ. ಯಾರ ಡಿಸ್ಕಿಗೆ ಬೇಕಾದರೂ ಹೊಂದುವ ಪತ್ರದಿಂದ ನನಗೇನು ಪ್ರಯೋಜನ?

ಸ್ವಲ್ಪ ತಣ್ಣಗಾದದ್ದು ಸಾಮಾನು ಒಯ್ಯಲು ಬರುವ ಹುಡುಗನಿಂದ. ಕಚೇರಿ ಹೇಳದ್ದನ್ನು ಅವನು ಮೆಟ್ಟಿಲ ಮೇಲೆ ನಿಂತೇ ಹೇಳಿದ: ಶೆಡ್ಡಿನಲ್ಲಿ ಮೊದಲು ಬ್ಯಾಟರಿ ಮತ್ತು ಟೋನರ್ (ಪ್ರಿಂಟರಿನ ಶಾಯಿಪುಡಿ) ಬೇರ್ಪಡಿಸುತ್ತಾರೆ, ನಡೆಯುವ ಯಂತ್ರಗಳನ್ನು ಪಕ್ಕಕ್ಕಿಡುತ್ತಾರೆ, ಹಳೆಯ ದಪ್ಪ ಟಿವಿಗಳ ಗಾಜಿನಲ್ಲಿ ಸೀಸ ಇರುವುದರಿಂದ ಅವಕ್ಕೆ ಬೇರೆಯೇ ಜಾಗ. ಕೆಲಸ ಗೊತ್ತಿರುವವರು ಇದ್ದಾರೆ, ಬರೆದುಕೊಡುವವರಿಲ್ಲ.

ಫೋನು ಕೆಡುವವರೆಗೂ ಬಿಡದ ನನ್ನಂಥವರಿಗೆ ಇನ್ನೊಂದು ಕಿರಿಕಿರಿ, ಕನಿಷ್ಠ ತೂಕದ ನಿಯಮ. ಅಷ್ಟಾಗದಿದ್ದರೆ ಶುಲ್ಕ. ಹಾಗಾಗಿ ಜನ ಕೂಡಿಡುತ್ತಾರೆ, ಕೂಡಿಡಬಾರದ ಬ್ಯಾಟರಿಯನ್ನೂ ಸೇರಿಸಿ. ಹಾಗೆ ಕೂಡಿಡುವ ಬದಲು ನಾನು ಇ-ತ್ಯಾಜ್ಯ ಹಾಕಲೆಂದೇ ಹೊರಗೆ ಇಟ್ಟಿರುವ ಸಂಗ್ರಹ ಪೆಟ್ಟಿಗೆಯ ದಾರಿ ಹಿಡಿದಿದ್ದೇನೆ.

ಐದಕ್ಕೆ ಮೂರು ಅಂಕ. ತಂತಿ, ಚಾರ್ಜರ್, ಕೆಟ್ಟ ಮಿಕ್ಸರುಗಳಿಗೆ ಧಾರಾಳವಾಗಿ ಕರೆಯಿರಿ. ಕಚೇರಿಯ ಗಣಕಯಂತ್ರಗಳಾದರೆ ಕ್ರಮಸಂಖ್ಯೆ ಸಹಿತ ಪತ್ರ ಕೊಡುವುದಾಗಿ ಮೊದಲೇ ಬರೆಸಿಕೊಳ್ಳಿ. ಕಾಂತೀಯ ಹಾರ್ಡ್ ಡಿಸ್ಕಾದರೆ ಹಳೆಯ ದತ್ತಾಂಶದ ಮೇಲೆ ಪೂರ್ತಿಯಾಗಿ ಬೇರೆ ದತ್ತಾಂಶ ಬರೆದು ನಾನೇ ಅಳಿಸಿ ಕೊಡುತ್ತೇನೆ. ಚಿಪ್‌ಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿಗೆ ಅದು ಸಾಲದು, ಕೆಲವು ಭಾಗ ಅಳಿಯದೆ ಉಳಿಯಬಹುದು. ಅದಕ್ಕೆ ತಯಾರಕರೇ ಕೊಡುವ ಅಳಿಸುವ ತಂತ್ರಾಂಶ ಬಳಸುತ್ತೇನೆ.